ತೂಕಡಿಸುವ ಮರಿಗೆ ಮೊದಲು ಕಾವು, ಆಮೇಲೆ ನೀರು

ಜೋಲುಬಿದ್ದ ಮರಿಯ ಹಿಂದೆ ಬೀಳಬೇಡ, ಅದನ್ನು ಉಳಿಸೋಕೆ ಹೋಗಿ ಮಿಕ್ಕಿದ್ದನ್ನೂ ಕಳ್ಕೋತೀಯ ಅಂತ ನನಗೆ ಬುದ್ಧಿ ಹೇಳದ ಕೋಳಿ ಸಾಕಣೆದಾರರೇ ಇಲ್ಲ. ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಈಗ ನನ್ನ ಗೂಡಿನಲ್ಲಿ ಕಾಳಿಗೆ ಜಗಳ ಆಡುತ್ತಿರುವ ಏಳೆಂಟು ಕೋಳಿಗಳು ಒಂದು ಕಾಲಕ್ಕೆ ಕಣ್ಣು ಮುಚ್ಚಿ, ಕೊರಳು ಒಳಗೆಳೆದುಕೊಂಡು, ಕೈಗೆತ್ತಿಕೊಂಡರೂ ಚಿಂವ್ ಎನ್ನದೆ ಬಿದ್ದಿದ್ದವೇ. ಅದರಲ್ಲೊಂದು ಹೇಟೆ ಈಗ ತಾನೇ ಕಾವಿಗೆ ಕೂತಿದೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ. ಬ್ರೂಡರ್, ಅಂದರೆ ಮರಿಗಳಿಗೆ ಕಾವು ಕೊಡುವ ಗೂಡು, ಕಟ್ಟೋದು, ವಾರವಾರಕ್ಕೆ ಶಾಖ ಇಳಿಸೋದು ನಿಮಗೆಲ್ಲ ಗೊತ್ತಿರುವ ಸಂಗತಿ, ಅದನ್ನು ಬಿಡುತ್ತೇನೆ.

ಮರಿ ತೂಕಡಿಸುತ್ತಿದೆ ಅಂದ ಕೂಡಲೇ ಜನ ಮಾಡುವ ಮೊದಲ ಕೆಲಸ ಕೊಕ್ಕು ಬಿಡಿಸಿ ಏನಾದರೂ ಸುರಿಯೋದು. ಮರಿಗಳು ಹೆಚ್ಚಾಗಿ ಸಾಯುವುದೂ ಅಲ್ಲೇ. ಮೈ ತಣ್ಣಗಾದ ಮರಿಗೆ ನುಂಗುವ ಶಕ್ತಿ ಇರಲ್ಲ, ಎದೆ ಮೇಲಿನ ಕಾಳಿನ ಚೀಲ ಕೆಲಸ ನಿಲ್ಲಿಸಿರುತ್ತದೆ. ಕೊಟ್ಟದ್ದು ಅಲ್ಲೇ ಕೊಳೆಯುತ್ತದೆ, ಇಲ್ಲವೇ ಶ್ವಾಸನಾಳಕ್ಕೆ ಇಳಿಯುತ್ತದೆ. ಮರಿಯ ಪಾದವನ್ನು ನಿಮ್ಮ ತುಟಿಗೆ ತಾಗಿಸಿ ನೋಡಿ. ತಣ್ಣಗಿದ್ದರೆ ನೀರೂ ಬೇಡ, ಔಷಧಿಯೂ ಬೇಡ, ವಿಟಮಿನ್ನೂ ಬೇಡ. ಕಾವು ಮಾತ್ರ. ಪಾದ ಬೆಚ್ಚಗಾಗುವವರೆಗೆ ಕಾಯಬೇಕು. ನನ್ನ ಲೆಕ್ಕದಲ್ಲಿ ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ, ಕೆಲವಕ್ಕೆ ಇನ್ನೂ ಜಾಸ್ತಿ. ಆ ಒಂದು ಗಂಟೆ ಸುಮ್ಮನೆ ಕೂರೋದೇ ಈ ಇಡೀ ಕೆಲಸದಲ್ಲಿ ಕಷ್ಟದ್ದು.

ಕಾವಿಗೆ ಏನು ಅನ್ನುವುದರಲ್ಲೇ ನನ್ನ ಹಣ ಹೆಚ್ಚು ಹೋಯಿತು. ಬಿಸಿನೀರಿನ ಬಾಟಲಿ ಒಂದು ಗಂಟೆಗೆಲ್ಲ ಆರುತ್ತದೆ, ಆರಿದ ಮೇಲೆ ಅದೇ ಮರಿಯ ಶಾಖ ಎಳೆದುಕೊಳ್ಳುತ್ತದೆ. ರಾತ್ರಿ ಎದ್ದೆದ್ದು ನೀರು ಬದಲಿಸಿದ್ದಾಯಿತು, ಮರಿ ಉಳಿಯಲಿಲ್ಲ. ಎಲ್‌ಇಡಿ ಬಲ್ಬು ಕಾವಿಗೆ ಬರಲ್ಲ, ಬೆಳಕಷ್ಟೇ. 250 ವ್ಯಾಟಿನ ಇನ್ಫ್ರಾರೆಡ್ ಬಲ್ಬು ತಂದೆ, ಅದು ದೊಡ್ಡ ತಂಡಕ್ಕೆ ಸರಿ. ರಟ್ಟಿನ ಪೆಟ್ಟಿಗೆಯಲ್ಲಿ ಒಂದೇ ಮರಿ ಇಟ್ಟರೆ ಬಾಯಿ ಬಿಟ್ಟು ಏದುಸಿರು ಬಿಡುತ್ತದೆ, ಬೆಂಕಿಯ ಭಯ ಬೇರೆ. ದಿನಪೂರ್ತಿ ಉರಿದರೆ ಅದೊಂದೇ 6 ಯೂನಿಟ್ ತಿನ್ನುತ್ತದೆ. ಈಗ ಹಳೇ ಮಾದರಿಯ 60 ವ್ಯಾಟಿನ ತಂತಿ ಬಲ್ಬಿಗೆ ಬಂದು ನಿಂತಿದ್ದೇನೆ, ದಿನಕ್ಕೆ ಒಂದೂವರೆ ಯೂನಿಟ್ ಒಳಗೇ. ಬಲ್ಬಿನ ಮೇಲೆ ಮಣ್ಣಿನ ಹೂಕುಂಡ ಬೋರಲು ಹಾಕುತ್ತೇನೆ, ಬಲ್ಬು ಕುಂಡಕ್ಕೆ ತಾಗಬಾರದು, ವಯರು ಕುಂಡದಡಿ ಜಜ್ಜಬಾರದು. ಕುಂಡ ಕಾದು ಶಾಖ ನಿಧಾನ ಬಿಡುತ್ತದೆ, ಬೆಳಕು ಹೊರಗೆ ಬರಲ್ಲ, ಮರಿ ನಿದ್ದೆ ಮಾಡುತ್ತದೆ. ಕುಂಡದಡಿ ಎಷ್ಟು ಎತ್ತರ ಕೊಡುತ್ತೇನೆ, ಸುತ್ತ ಏನು ಸುತ್ತುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಥರ್ಮಾಮೀಟರನ್ನು ಮಾತ್ರ ಮರಿಯ ಬೆನ್ನಿನ ಎತ್ತರಕ್ಕೆ ಇಡಿ. ಒಂದು ಮೂಲೆ 35 ಡಿಗ್ರಿ, ಎದುರಿನ ಮೂಲೆ 27–28. ಬೇಕಾದ ಕಡೆ ಹೋಗಲು ಮರಿಗೆ ಜಾಗ ಇರಲೇಬೇಕು. ನಾನ್‌ಸ್ಟಿಕ್ ಲೇಪನ ಇರುವ ಬಲ್ಬು ಹತ್ತಿರವೂ ತರಬೇಡಿ, ಬಿಸಿಗೆ ಬಿಡುವ ಹೊಗೆ ಹಕ್ಕಿಗಳಿಗೆ ವಿಷ.

ಪಾದ ಬೆಚ್ಚಗಾದ ಮೇಲೆ ನೀರು. ಸಣ್ಣ ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಸಕ್ಕರೆ. ಡ್ರಾಪರ್ ತುದಿಯನ್ನು ಕೊಕ್ಕಿನ ಒಳಗೆ ತೂರಿಸಬೇಡಿ, ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಕೊಕ್ಕಿನ ಅಂಚಿಗೆ ಪಕ್ಕದಿಂದ ಒಂದು ಹನಿ ಅಂಟಿಸಿ ಸುಮ್ಮನಿರಿ, ಮರಿ ತಾನೇ ಚಪ್ಪರಿಸುತ್ತದೆ. ಚಪ್ಪರಿಸಿದರೆ ಇನ್ನೊಂದು. ಚಪ್ಪರಿಸದಿದ್ದರೆ ಮತ್ತೆ ಕಾವಿಗೆ. ಕಾಲು ಗಂಟೆಗೊಮ್ಮೆ ಎರಡು ಮೂರು ಹನಿ ಸಾಕು. ಸಕ್ಕರೆ ನೀರು ಕೆಲವೇ ಗಂಟೆ, ಮುಂದುವರಿಸಿದರೆ ಹಿಕ್ಕೆ ನೀರಾಗುತ್ತದೆ. ಆಮೇಲೆ ಒಂದು ದಿನ ಮನುಷ್ಯರ ಓಆರ್‌ಎಸ್ಸನ್ನು ಪ್ಯಾಕೆಟ್ಟಿನ ಮೇಲೆ ಬರೆದದ್ದಕ್ಕಿಂತ ಎರಡರಷ್ಟು ನೀರಿಗೆ ಕರಗಿಸಿ ಕೊಡುತ್ತೇನೆ. ಉಪ್ಪು ಜಾಸ್ತಿಯಾದರೆ ಇಷ್ಟು ಸಣ್ಣ ಜೀವ ತಡೆಯಲ್ಲ.

ನೀರು ಕುಡಿಯುವ ಮರಿಯನ್ನು ಮಗುಚಿ ಹಿಂಭಾಗ ನೋಡಿ. ಅರ್ಧಕ್ಕರ್ಧ ತೂಕಡಿಕೆಯ ಗುಟ್ಟು ಅಲ್ಲಿರುತ್ತದೆ. ಹಿಕ್ಕೆ ಒಣಗಿ ಪುಕ್ಕಕ್ಕೆ ಅಂಟಿ ಮಲದ್ವಾರ ಮುಚ್ಚಿಹೋಗಿರುತ್ತದೆ, ಒಳಗಿನದು ಹೊರಗೆ ಬರಲು ದಾರಿ ಇಲ್ಲದೆ ಮರಿ ಉಬ್ಬಿ ಕೂರುತ್ತದೆ. ಒಣಗಿದ್ದನ್ನು ಹಾಗೇ ಕಿತ್ತರೆ ಚರ್ಮವೂ ಕಿತ್ತು ಬರುತ್ತದೆ. ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಅದರ ಮೇಲೆ ಇಟ್ಟು ಹಿಡಿದುಕೊಳ್ಳಬೇಕು. ಹತ್ತಿ ಆರಿದರೆ ಇನ್ನೊಂದು. ಮೂರ್ನಾಲ್ಕು ಹತ್ತಿಗೆ ಗಟ್ಟಿ ಉಂಡೆ ಮೆತ್ತಗಾಗಿ ಅಂಚಿನಿಂದ ಬಿಡಲು ಶುರುವಾಗುತ್ತದೆ, ಆಗ ಒಂದೊಂದೇ ಪುಕ್ಕ ಬಿಡಿಸಿಕೊಂಡು ಬರೋದು. ಕೊನೆಯ ತುಂಡು ಬಿದ್ದ ತಕ್ಷಣ ಬಹಳ ಮರಿಗಳು ನಿಮ್ಮ ಅಂಗೈಯಲ್ಲೇ ಹಿಕ್ಕೆ ಹಾಕುತ್ತವೆ. ಅಷ್ಟು ಸಂತೋಷ ಕೊಡುವ ಹಿಕ್ಕೆ ಬೇರೆ ಇಲ್ಲ. ಒರೆಸಿ ಪೂರ್ತಿ ಒಣಗಿಸಿ, ಚೂರು ವ್ಯಾಸಲೀನ್ ಸವರಿ ಬಿಡಿ. ಒಂದು ಎಚ್ಚರಿಕೆ: ಅದಕ್ಕಿಂತ ಮುಂದೆ, ಹೊಟ್ಟೆಯ ಕಡೆ, ಹೊಕ್ಕುಳಿನ ಒಣ ಚಕ್ಕೆ ಇರುತ್ತದೆ, ಅದನ್ನು ಮುಟ್ಟಬೇಡಿ. ಹೊಕ್ಕುಳು ಒದ್ದೆಯಾಗಿ, ಹೊಟ್ಟೆ ಊದಿ, ವಾಸನೆ ಬರುತ್ತಿದ್ದರೆ ಮೊಟ್ಟೆಯಿಂದ ಹೊಟ್ಟೆಯೊಳಗೆ ಉಳಿದ ಹಳದಿ ಕೊಳೆತಿದೆ ಅಂತ. ಅಂಥವನ್ನು ಉಳಿಸೋದು ಇವತ್ತಿಗೂ ನನಗೆ ಸಾಧ್ಯವಾಗಿಲ್ಲ.

ಮೇವು ಕೊನೆಗೆ. ಮೊಟ್ಟೆಯೊಡೆದ ಮರಿ ಹೊಟ್ಟೆಯೊಳಗೆ ಉಳಿದ ಹಳದಿಯ ಮೇಲೆ ಎರಡು ಮೂರು ದಿನ ಬದುಕಬಲ್ಲದು, ಹಾಗಾಗಿ ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಕಿಲ್ಲ. ಅದಕ್ಕಿಂತ ದೊಡ್ಡದಕ್ಕೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಮಾಮೂಲಿ ಮರಿ ಮೇವಿನ ಹುಡಿಯಲ್ಲಿ ಕಲಸಿ ಸಾಸಿವೆ ಗಾತ್ರ ಕೊಡುತ್ತೇನೆ. ಹಳದಿ ಜಾಸ್ತಿಯಾದರೆ ಮತ್ತೆ ಹಿಂಭಾಗ ಅಂಟುತ್ತದೆ. ಇದಕ್ಕೆ ನಾನು ಇನ್ನೊಂದು ಚಿಟಿಕೆ ಸೇರಿಸುತ್ತೇನೆ, ಅದೇನು ಅಂತ ಕೇಳಬೇಡಿ. ಇನ್ನೊಂದೆರಡು ತಂಡದ ಮೇಲೆ ನೋಡದೆ ಹೇಳಲ್ಲ.

ತಳಕ್ಕೆ ಬಿಳಿ ಟಿಶ್ಯೂ ಹಾಸಿ, ಹಿಕ್ಕೆ ಓದೋಕೆ ಸುಲಭ. ನ್ಯೂಸ್‌ಪೇಪರ್ ಬೇಡ, ಜಾರಿ ಕಾಲು ಅಗಲಿಸಿಕೊಳ್ಳುತ್ತವೆ. ಕಂದು ಹಿಕ್ಕೆಯ ಮೇಲೆ ಬಿಳಿ ಟೋಪಿ ಇದ್ದರೆ ಕ್ಷೇಮ. ಮೂರು ವಾರ ದಾಟಿದ ಮರಿಯಲ್ಲಿ ಹಿಕ್ಕೆಯ ಜೊತೆ ರಕ್ತ ಕಂಡರೆ ಕಾಕ್ಸಿಡಿಯೋಸಿಸ್, ಅಂದರೆ ಕರುಳಿನ ಪರಾವಲಂಬಿಯ ರೋಗ, ಎಂದೇ ಹಿಡಿಯಿರಿ. ಅದರ ಔಷಧಿ ಆಂಪ್ರೋಲಿಯಂ ಕುಡಿಯುವ ನೀರಿನಲ್ಲಿ ಹೋಗಬೇಕು, ಪ್ರಮಾಣಕ್ಕೆ ಪಶುವೈದ್ಯರನ್ನು ಕೇಳಿ. ಆ ಔಷಧಿ ನಡೆಯುವಾಗ ಬಿ-ಕಾಂಪ್ಲೆಕ್ಸ್ ನಿಲ್ಲಿಸಿ. ಆಂಪ್ರೋಲಿಯಂ ಕೆಲಸ ಮಾಡೋದೇ ಪರಾವಲಂಬಿಗೆ ಬಿ1 ವಿಟಮಿನ್ ಸಿಗದ ಹಾಗೆ ತಡೆದು. ನೀವು ಇನ್ನೊಂದು ಕೈಯಲ್ಲಿ ಬಿ1 ಹಾಕಿದರೆ ದುಡ್ಡೂ ಹೋಯಿತು, ಮರಿಯೂ ಹೋಯಿತು. ಒಂದೇ ಮರಿ ಬಿದ್ದರೆ ಮನೆಯ ಆರೈಕೆ ನಡೆಯುತ್ತದೆ. ಸುಣ್ಣದಂಥ ಬಿಳಿ ಭೇದಿಯಾಗಿ ಒಂದರ ಹಿಂದೆ ಒಂದು ಬೀಳುತ್ತಿದ್ದರೆ, ಅಥವಾ ಹಸಿರು ಹಿಕ್ಕೆ, ಕತ್ತು ತಿರುಚೋದು, ಉಬ್ಬಸ ಒಟ್ಟಿಗೆ ಕಂಡರೆ ಡ್ರಾಪರ್ ಕೆಳಗಿಟ್ಟು ಸತ್ತ ಮರಿಯನ್ನು ತಪಾಸಣೆಗೆ ಕೊಂಡೊಯ್ಯಿರಿ. ಅದು ರಾಣಿಖೇತ್ ಅನ್ನುವ ವೈರಸ್ ರೋಗ ಇರಬಹುದು, ಅದಕ್ಕೆ ಔಷಧಿ ಇಲ್ಲ, ಲಸಿಕೆ ಮಾತ್ರ.

ದುಡ್ಡಿನ ಮಾತು ಬಂದರೆ, ಕೋಳಿ ವಿಟಮಿನ್ ಬಾಟಲಿಗಳೆಲ್ಲ ಸಾವಿರಗಟ್ಟಲೆ ಕೋಳಿಯ ಲೆಕ್ಕದಲ್ಲಿ ಬರುತ್ತವೆ. ಹನಿ ಹನಿ ಬಳಸಿ ಅವಧಿ ಮುಗಿದು ಚರಂಡಿಗೆ ಸುರಿದದ್ದೇ ಹೆಚ್ಚು. ಒಂದು ಬಾಟಲಿಯ ಕಾಸಿಗೆ ಡಜನ್ ಮರಿ ಬರುತ್ತಿತ್ತು. ಕಾಲ್ಬೆರಳು ಒಳಕ್ಕೆ ಸುರುಳಿ ಸುತ್ತಿದ ಮರಿಗೆ ಮಾತ್ರ ಬಿ2 ನಿಜಕ್ಕೂ ಫಲ ಕೊಟ್ಟಿತು, ಅದೂ ಬೇಗ ಹಿಡಿದಾಗ.

ನಡುವೆ ಕನ್ನಡಿಯ ಪ್ರಯೋಗವನ್ನೂ ಮಾಡಿದೆ. ಒಂಟಿ ಮರಿ ಅರಚಿ ಅರಚಿ ಸುಸ್ತಾಗುತ್ತದೆ, ಕನ್ನಡಿ ಇಟ್ಟರೆ ಅದಕ್ಕೆ ಒರಗಿ ಸುಮ್ಮನಾಗುತ್ತದೆ. ಆದರೆ ಕಾವು ಬಿಟ್ಟು ಕನ್ನಡಿ ಕಡೆಗೇ ಮಲಗಿ ತಣ್ಣಗಾಗಿದ್ದೂ ಇದೆ. ಕನ್ನಡಿಯನ್ನು ಬಿಸಿ ಮೂಲೆಗೆ ಸರಿಸಿದ ಮೇಲೆ ಸರಿಹೋಯಿತು. ರೋಗ ಅಂಟುವ ಲಕ್ಷಣ ಇಲ್ಲ ಅಂತ ಖಾತ್ರಿಯಾದರೆ ಸಾಧು ಸ್ವಭಾವದ ಒಂದು ಮರಿಯನ್ನು ಜೊತೆಗೆ ಬಿಡೋದು ಇದಕ್ಕಿಂತ ವಾಸಿ, ಅದು ಕುಕ್ಕೋದನ್ನು ನೋಡಿ ಇದೂ ಕುಕ್ಕುತ್ತದೆ.

ತಂಡಕ್ಕೆ ವಾಪಸ್ ಬಿಡೋದು ಯಾವಾಗ ಅಂತ ತಕ್ಕಡಿ ಹೇಳುತ್ತದೆ. ಹುಟ್ಟಿದಾಗ ಮೂವತ್ತೈದು ನಲವತ್ತು ಗ್ರಾಂ ತೂಗುವ ಜೀವಕ್ಕೆ ಎರಡು ಗ್ರಾಂ ಇಳಿದರೂ ದೊಡ್ಡದು. ಎರಡು ದಿನ ಸತತ ತೂಕ ಏರಿದರೆ ಕತ್ತಲಾದ ಮೇಲೆ, ಜೊತೆಗಾರ ಮರಿಯ ಸಮೇತ, ಗುಂಪಿನ ನಡುವೆ ಇಡುತ್ತೇನೆ. ಗುರುತಿಗೆ ಕೆಂಪು ಬಣ್ಣ ಬಳಸಬೇಡಿ, ಕೆಂಪು ಕಂಡಲ್ಲಿ ಬೇರೆ ಮರಿಗಳು ಕುಕ್ಕುತ್ತವೆ. ನಾನು ಕಾಲಿಗೆ ಹಸಿರು ದಾರ ಕಟ್ಟುತ್ತೇನೆ. ಕಾಲು ಬೇಗ ದಪ್ಪವಾಗುತ್ತದೆ, ಎರಡು ಮೂರು ದಿನಕ್ಕೊಮ್ಮೆ ದಾರ ಸಡಿಲಿಸಬೇಕು.