ಶಾಲೆಯ ಗೇಟಿನಾಚೆ ಒಂದು ಮಡಚುವ ಮೇಜು

2005ರ ಆಗಸ್ಟ್ 17, ಬುಧವಾರ ಸಂಜೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಮ್ಮೂರಿನ ಸಿಗ್ನಲ್ ಹತ್ತಿರ, ಪೇಪರ್ ಕಪ್ಪಿಗೆ ಮೇಣದಬತ್ತಿ ಸಿಕ್ಕಿಸಿಕೊಂಡು ನಿಂತಿದ್ದೆ. ಇರಾಕಿನಲ್ಲಿ ಮಗನನ್ನು ಕಳೆದುಕೊಂಡ ಸಿಂಡಿ ಶೀಹನ್, ಟೆಕ್ಸಾಸ್‌ನ ಕ್ರಾಫರ್ಡ್‌ನಲ್ಲಿ ಅಧ್ಯಕ್ಷ ಬುಷ್ ಅವರ ತೋಟದ ಮನೆ ದಾರಿಯಲ್ಲಿ ಯುದ್ಧ ವಿರೋಧಿಸಿ ಟೆಂಟ್ ಹಾಕಿ ಕೂತಿದ್ದರು. ಅವರಿಗೆ ಬೆಂಬಲವಾಗಿ ಅವತ್ತು ದೇಶದ ಎಷ್ಟೋ ಊರುಗಳಲ್ಲಿ ಜನ ದೀಪ ಹಚ್ಚಿದ್ದರು. ಆಕೆ ಕ್ಯಾಲಿಫೋರ್ನಿಯಾದ ವ್ಯಾಕವಿಲ್‌ನವರು, ಅದೂ ನಮ್ಮೂರಿನಂಥದೇ ಊರು.

ಗಾಳಿಗೆ ಬತ್ತಿ ಆರುತ್ತಲೇ ಇತ್ತು. ಕೆಲವು ಕಾರಿನವರು ಹಾರ್ನ್ ಹೊಡೆದು ಹುರಿದುಂಬಿಸಿದರು, ಒಬ್ಬ ಕಿಟಕಿ ಇಳಿಸಿ ಬೈದ. ನನಗಿದ್ದ ಭಯ ಬೇರೆ: ಕನ್ನಡದವರ್ಯಾರಾದರೂ ನೋಡಿಬಿಟ್ಟರೆ? ಗ್ರೀನ್ ಕಾರ್ಡ್ ಬಂದು ಇನ್ನೂ ವರ್ಷ ಆಗಿರಲಿಲ್ಲ. "ನಮಗ್ಯಾಕ್ರೀ ಊರ ಉಸಾಬರಿ" ಅನ್ನುವವರೇ ಸುತ್ತ. ಹಾಗಂದವರಲ್ಲಿ ನಾನೂ ಒಬ್ಬಳಾಗಿದ್ದೆ.

ಪಕ್ಕದಲ್ಲಿ ನಿಂತಿದ್ದ ರಿಟೈರ್ಡ್ ಟೀಚರ್ ನನ್ನ ಮಗನ ಕ್ಲಾಸು ಕೇಳಿ, "ಅವನ ಫೋನ್ ನಂಬರು ಆಗಲೇ ಮಿಲಿಟರಿಯವರ ಹತ್ತಿರ ಇರುತ್ತೆ, ಗೊತ್ತಾ?" ಅಂದರು. 2002ರ ಜನವರಿಯಲ್ಲಿ ಜಾರಿಗೆ ಬಂದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಎಂಬ ಶಾಲಾ ಶಿಕ್ಷಣದ ಕಾಯ್ದೆಯ ಒಳಗೆ ಒಂದು ಕಲಮು ಇತ್ತು. ಕೇಂದ್ರದ ಅನುದಾನ ಪಡೆಯುವ ಹೈಸ್ಕೂಲುಗಳು, ಸೇನೆಯ ರಿಕ್ರೂಟರ್ ಕೇಳಿದರೆ ಮಕ್ಕಳ ಹೆಸರು, ವಿಳಾಸ, ಫೋನ್ ನಂಬರು ಕೊಡಲೇಬೇಕು. ಅಪ್ಪ ಅಮ್ಮ ಬೇಡವೆಂದು ಬರೆದುಕೊಟ್ಟರೆ ಮಾತ್ರ ಇಲ್ಲ. ಎರಡು ವಾರದ ಹಿಂದೆ ನಯವಾದ ದನಿಯ ಸಾರ್ಜೆಂಟ್ ಒಬ್ಬರು ಮನೆಗೆ ಫೋನ್ ಮಾಡಿದ್ದು ನೆನಪಾಯಿತು. ಕಾಲೇಜಿನ ಸ್ಕಾಲರ್‌ಶಿಪ್ ವಿಷಯ ಇರಬೇಕು ಅಂದುಕೊಂಡು ನಾನೇ ಮಗನನ್ನು ಕರೆದು ರಿಸೀವರ್ ಕೊಟ್ಟಿದ್ದೆ!

ಮನೆಗೆ ಬಂದು ಶಾಲೆಯ ಕೈಪಿಡಿ ಹುಡುಕಿದೆ. ಬೇಡವೆಂದು ಬರೆದುಕೊಡಬಹುದೆಂಬ ಸೂಚನೆ ಇತ್ತು, ಸಣ್ಣಕ್ಷರದಲ್ಲಿ, ಹಾಜರಾತಿ ನಿಯಮಕ್ಕೂ ಪಾರ್ಕಿಂಗ್ ನಿಯಮಕ್ಕೂ ನಡುವೆ.

ಸೆಪ್ಟೆಂಬರಿನಲ್ಲಿ ಪೋಷಕರು ಟೀಚರುಗಳನ್ನು ಕಾಣಲು ಬರುವ ಸಂಜೆ ಒಂದಿರುತ್ತದೆ. ನಾವು ಮೂವರು ಅಮ್ಮಂದಿರು, ಒಬ್ಬ ಅಪ್ಪ, ಒಂದು ಕರಪತ್ರದ ಮುನ್ನೂರು ಕಾಪಿ ತೆಗೆಸಿ, ಮಡಚುವ ಮೇಜು ತಂದಿಟ್ಟೆವು. ಶಾಲೆಯ ಆವರಣದೊಳಗೆ ಕೂಡದೆಂದರು. ಸರಿ, ಗೇಟಿನಾಚೆ ಸಾರ್ವಜನಿಕ ಫುಟ್‌ಪಾತಿಗೆ ಎತ್ತಿಕೊಂಡು ಹೋದೆವು. ನಿಜ ಹೇಳಬೇಕೆಂದರೆ ಅದೇ ಒಳ್ಳೆಯದಾಯಿತು, ಪಾರ್ಕಿಂಗಿನಿಂದ ಬರುವವರೆಲ್ಲ ನಮ್ಮ ಮುಂದೆಯೇ ಹಾದುಹೋಗಬೇಕಿತ್ತು.

ಕೆಟ್ಟದ್ದು ನನ್ನ ಕರಪತ್ರ. ಮೇಲ್ಗಡೆ ದಪ್ಪಕ್ಷರದಲ್ಲಿ 'ನಿಮ್ಮ ಮಗುವನ್ನು ಯುದ್ಧಕ್ಕೆ ಕಳಿಸಬೇಡಿ' ಅಂತ ಹಾಕಿದ್ದೆ. ಒಬ್ಬ ತಂದೆ ಅದನ್ನು ಪೂರ್ತಿ ಓದಿ, ತಿರುಗಿ ಮೇಜಿನ ಮೇಲಿಟ್ಟು, "ನನ್ನ ದೊಡ್ಡ ಮಗ ಅಲ್ಲೇ ಇದ್ದಾನೆ. ನಾನು ಕಳಿಸಲಿಲ್ಲ, ಅವನೇ ಹೋದ" ಅಂದು ಹೊರಟರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಜನವೂ ಹಾಳೆ ಹಿಡಿಯಲು ಹಿಂಜರಿದರು. ಅವತ್ತು ಹೋದದ್ದು ನಲವತ್ತರಷ್ಟು.

ಮುಂದಿನ ಸಲ ಘೋಷಣೆ ತೆಗೆದೆ. ಅರ್ಧ ಹಾಳೆ, ಕಾಯ್ದೆ ಏನನ್ನುತ್ತದೆ ಅಂತ ನಾಲ್ಕು ಸಾಲು, ಕೆಳಗೆ ಹರಿದು ಸಹಿ ಹಾಕಿ ಆಫೀಸಿಗೆ ಕೊಡುವ ಚೀಟಿ, ಮೇಜಿನ ಮೇಲೆ ದಾರ ಕಟ್ಟಿದ ಎರಡು ಪೆನ್ನು. ಯುದ್ಧ ಬೇಕೆನ್ನುವವರೂ ಸಹಿ ಹಾಕಿದರು, ಮನೆಯ ನಂಬರು ಹಂಚುವುದು ಅವರಿಗೂ ಬೇಕಿರಲಿಲ್ಲ. ದೇವಸ್ಥಾನದಲ್ಲಿ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದ ಒಬ್ಬರು ಪಾರ್ಕಿಂಗಿನಲ್ಲಿ ತಡೆದು, "ಆ ಫಾರ್ಮ್ ಎರಡು ಕೊಡ್ರೀ, ಅಕ್ಕನ ಮಗನಿಗೂ ಬೇಕು" ಅಂದರು. ಮೇಣದಬತ್ತಿ ಹಿಡಿದವರು ಹಿಡಿಯಲಿ, ನಾನಂತೂ ಆಮೇಲೆ ಮೇಜಿನ ಕಡೆಯೇ.

2006ರಲ್ಲಿ ಮಗನಿಗೆ ಹದಿನೆಂಟು ತುಂಬಿತು. ಕಡ್ಡಾಯ ಸೇನಾಭರ್ತಿ 1973ಕ್ಕೇ ನಿಂತಿದ್ದರೂ, ಗ್ರೀನ್ ಕಾರ್ಡಿನ ಹುಡುಗರೂ ಸೆಲೆಕ್ಟಿವ್ ಸರ್ವಿಸ್‌ನಲ್ಲಿ, ಅಂದರೆ ಭರ್ತಿ ಮತ್ತೆ ಶುರುವಾದರೆ ಕರೆಯಲೆಂದು ಸರ್ಕಾರ ಇಟ್ಟುಕೊಂಡ ಪಟ್ಟಿಯಲ್ಲಿ, ಹೆಸರು ನೋಂದಾಯಿಸಲೇಬೇಕಿತ್ತು. ಇಲ್ಲದಿದ್ದರೆ ಮುಂದೆ ಪೌರತ್ವಕ್ಕೇ ತೊಡಕು. ಅದನ್ನು ಬೇಡವೆನ್ನಲು ನನ್ನ ಮೇಜಿನ ಮೇಲೆ ಯಾವ ಚೀಟಿಯೂ ಇರಲಿಲ್ಲ. ಅವನು ಊಟದ ಮೇಜಿನ ಮೇಲೆ ಕಾರ್ಡು ತುಂಬಿಸಿ, ಅಂಚಿನಲ್ಲಿ 'ಆತ್ಮಸಾಕ್ಷಿಯ ಕಾರಣಕ್ಕೆ ನಾನು ಯುದ್ಧವನ್ನು ವಿರೋಧಿಸುತ್ತೇನೆ' ಅಂತ ಇಂಗ್ಲಿಷಿನಲ್ಲಿ ಬರೆದ. ಆ ಮಾತನ್ನು ದಾಖಲಿಸಿಕೊಳ್ಳುವ ಕಾಲಮ್ಮು ಅವರಲ್ಲಿಲ್ಲ. ಆದರೂ ಮುಂದೆ ಬೇಕಾದೀತೆಂದು ಜೆರಾಕ್ಸ್ ತೆಗೆಸಿದೆವು. ಅದೀಗ ನಮ್ಮ ಪಾಸ್‌ಪೋರ್ಟುಗಳ ಫೈಲಿನಲ್ಲಿದೆ.