ಸಾವಿರ ರೂಪಾಯಿಯೊಳಗೆ ಒಳ್ಳೆಯ ರೆಡ್ ವೈನ್: ನಾನು ಹುಡುಕುವ ಬಗೆ

ಬೆಂಗಳೂರಿನ ಅಂಗಡಿಗಳ ಮೇಲೆ ‘ವೈನ್ಸ್’ ಅಂತ ದೊಡ್ಡ ಬೋರ್ಡ್ ಇರುತ್ತದೆ. ಒಳಗೆ ಹೋದರೆ ಬರೀ ವಿಸ್ಕಿ, ಬ್ರಾಂದಿ. ವೈನ್ ಇರುವುದು ಯಾವುದೋ ಮೂಲೆಯ ಒಂದು ಶೆಲ್ಫಿನಲ್ಲಿ. ನನ್ನ ಹುಡುಕಾಟ ನಡೆಯುವುದು ಅಲ್ಲೇ.

ವಿದೇಶಿ ಬಾಟಲಿಗಳನ್ನು ನಾನು ಮೊದಲೇ ಬಿಟ್ಟುಬಿಡುತ್ತೇನೆ. ಆಮದು ವೈನ್ ಮೇಲಿನ ಕಸ್ಟಮ್ಸ್ ಸುಂಕ ಬಹುಕಾಲ ಶೇ 150 ಇತ್ತು. 2022ರ ಕೊನೆಯಲ್ಲಿ ಆಸ್ಟ್ರೇಲಿಯಾದ ವೈನ್‌ಗೆ ಸ್ವಲ್ಪ ರಿಯಾಯಿತಿ ಬಂತು ನಿಜ. ಆದರೆ ಅದು ಸಿಗುವುದು ಆಮದು ಬೆಲೆಯೇ 5 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಇರುವ ಬಾಟಲಿಗೆ. ಅಂದರೆ ನಮ್ಮ ಬಜೆಟ್ಟಿನಲ್ಲಿ ವಿದೇಶಿ ಹೆಸರು ಸಿಕ್ಕರೆ, ಕೊಟ್ಟ ದುಡ್ಡಿನ ದೊಡ್ಡ ಪಾಲು ಸುಂಕಕ್ಕೇ ಹೋಯಿತು ಅಂತ ಲೆಕ್ಕ.

ನಮ್ಮಲ್ಲೇ ದೊಡ್ಡಬಳ್ಳಾಪುರದಲ್ಲಿ, ಚನ್ನಪಟ್ಟಣದಲ್ಲಿ, ಹಂಪಿ ಕಡೆಯ ಬೆಟ್ಟಗಳಲ್ಲಿ ವೈನರಿಗಳಿವೆ. ಎಲ್ಲರೂ ಕೇಳುವುದು ಕ್ಯಾಬರ್ನೆ, ಶಿರಾಜ್ ದ್ರಾಕ್ಷಿಯ ವೈನ್. ನಾನು ಕೇಳುವುದು ಸ್ಯಾಂಜೊವೆಸೆ, ಟೆಂಪ್ರನಿಯೊ. ಮೊದಲನೆಯದು ಇಟಲಿಯ ದ್ರಾಕ್ಷಿ, ಎರಡನೆಯದು ಸ್ಪೇನಿನದು. ಸ್ಯಾಂಜೊವೆಸೆಯನ್ನು ಸೋಲಾಪುರ ಜಿಲ್ಲೆಯ ಅಕ್ಲೂಜ್ ಕಡೆಯೂ ಬೆಳೆಯುತ್ತಾರೆ. ಅದರಲ್ಲಿ ಒಂದು ಚುರುಕಾದ ಹುಳಿ ಇದೆ. ಟೊಮೆಟೊ ಗೊಜ್ಜಿನ ಜೊತೆ ಕುಡಿದು ನೋಡಿ, ಎರಡೂ ಹೊಂದಿಕೊಳ್ಳುತ್ತವೆ. ಒಗರು ಜಾಸ್ತಿ ಇರುವ ಕ್ಯಾಬರ್ನೆಯನ್ನು ಖಾರದ ಸಾರಿನ ಜೊತೆ ಕುಡಿದರೆ ಬಾಯಿ ಇನ್ನಷ್ಟು ಉರಿಯುತ್ತದೆ.

ತೀರಾ ಅಗ್ಗದ ‘ಪೋರ್ಟ್’ ಬಾಟಲಿಗಳು ಬೇರೆಯೇ ಜಾತಿ. ಸಿಹಿಯಾಗಿರುತ್ತವೆ, ಹಲವನ್ನು ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡುತ್ತಾರೆ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಹಣ್ಣು, ತಿನ್ನೋಕೆ ನನಗೆ ತುಂಬಾ ಇಷ್ಟ. ಊಟಕ್ಕೆ ಮಾತ್ರ ಆ ಸಿಹಿ ಬೇಡ.

ಆರಿಸಿದ ಬಾಟಲಿಯನ್ನು ಬೆಳಕಿಗೆ ಹಿಡಿಯುತ್ತೇನೆ. ವೈನ್ ಕತ್ತಿನವರೆಗೆ ಇರಬೇಕು. ಮುಚ್ಚಳದ ಹಾಳೆಯ ಸುತ್ತ ಬೆರಳಾಡಿಸಿದಾಗ ಅಂಟಂಟಾಗಿದ್ದರೆ, ಅಥವಾ ಕಾರ್ಕ್ ಮೇಲಕ್ಕೆ ಉಬ್ಬಿದ್ದರೆ, ಅದು ಎಲ್ಲೋ ಬಿಸಿಲಲ್ಲಿ ಬೆಂದಿರುವ ಸಾಧ್ಯತೆ ಹೆಚ್ಚು. ಆಮೇಲೆ ವರ್ಷ ನೋಡುತ್ತೇನೆ. ಈ ಬೆಲೆಯ ರೆಡ್ ಇಟ್ಟು ಹಳೆಯದು ಮಾಡುವಂಥದ್ದಲ್ಲ, ಹೊಸದಾಗಿದ್ದಷ್ಟೂ ಒಳ್ಳೆಯದು. ಅಂಗಡಿ ಹುಡುಗ ‘ಸರ್, ಇದು ಹಳೇ ಸ್ಟಾಕ್, ಚೆನ್ನಾಗಿರುತ್ತೆ’ ಅಂದರೆ ನಕ್ಕು ಪಕ್ಕದ್ದನ್ನು ತೆಗೆದುಕೊಳ್ಳುತ್ತೇನೆ. ಕಿಟಕಿ ಬಿಸಿಲು ಬೀಳುವ ಶೆಲ್ಫಿನಿಂದಂತೂ ಯಾವುದನ್ನೂ ತರುವುದಿಲ್ಲ.

ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲಿ ಇರಬೇಕು ಅನ್ನುವುದು ಯುರೋಪಿನ ತಣ್ಣನೆ ಮನೆಗಳಿಗೆ ಸರಿ. ನಮ್ಮ ಏಪ್ರಿಲ್‌ನಲ್ಲಿ ಅದನ್ನೇ ಪಾಲಿಸಿದರೆ ಬರೀ ಆಲ್ಕೋಹಾಲ್ ಮೂಗಿಗೆ ಬಡಿಯುತ್ತದೆ, ಅಲ್ವಾ? ಅದಕ್ಕೇ ಅರ್ಧ ಗಂಟೆ ಫ್ರಿಜ್ಜಿನಲ್ಲಿಡುತ್ತೇನೆ. ಅಗ್ಗದ ವೈನ್‌ಗೆ ಇದರಿಂದ ಆಗುವಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗುವುದಿಲ್ಲ.

ಗೆಳೆಯರು ಬಂದಾಗ ಎರಡು ಬಾಟಲಿಗಳಿಗೆ ಪೇಪರ್ ಸುತ್ತಿ, ಯಾವುದು ಇಷ್ಟ ಅಂತ ಕೇಳುತ್ತೇನೆ. ಬೆಲೆ ಗೊತ್ತಿಲ್ಲದಾಗ ಜನ ನಿಜ ಹೇಳುತ್ತಾರೆ. ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್ಜಿಗೆ. ಒಂದೆರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಅದು ಮಟನ್ ಬೇಯಿಸುವ ಪಾತ್ರೆಗೆ ಹೋಗುತ್ತದೆ.