ಹಿನ್ನೀರಿನಡಿ ಹೋದ ಊರನ್ನು ನಕ್ಷೆಯಲ್ಲಿ ಹುಡುಕುವುದು ಹೇಗೆ?

ಸಾಗರ ತಾಲ್ಲೂಕಿನ ಕೆಲವು ಹಳೆಯ ರಸ್ತೆಗಳು ಸೀದಾ ನೀರಿಗೆ ಇಳಿಯುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಕಣಿವೆಯ ಊರುಗಳು ಮುಳುಗಿದವು. ಅಜ್ಜನ ಮನೆ ಎಲ್ಲಿತ್ತು ಅಂತ ಮೊಮ್ಮಕ್ಕಳಿಗೆ ತೋರಿಸುವುದು ಕಷ್ಟ, ಅಲ್ವಾ? ನಕ್ಷೆಗಳಿದ್ದರೆ ತೋರಿಸಬಹುದು.

ಮೊದಲು ಅಣೆಕಟ್ಟಿಗಿಂತ ಹಳೆಯ ನಕ್ಷೆ ಬೇಕು. ಅಮೆರಿಕದ ಸೇನೆ 1950ರ ದಶಕದಲ್ಲಿ ಮಾಡಿಸಿದ ಭಾರತದ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಒಂದು ಸೆಂಟಿಮೀಟರ್ ಅಂದರೆ ಎರಡೂವರೆ ಕಿಲೋಮೀಟರ್. ಸಣ್ಣ ಹಳ್ಳಿ ಕಾಣದೇ ಹೋಗಬಹುದು. ಸರ್ವೆ ಆಫ್ ಇಂಡಿಯಾದ, ಇಂಚಿಗೊಂದು ಮೈಲಿಯ ಹಳೆಯ ಹಾಳೆ ಇನ್ನೂ ಒಳ್ಳೆಯದು. ಕಾಲೇಜುಗಳ ಭೂಗೋಳ ವಿಭಾಗದಲ್ಲಿ ವಿಚಾರಿಸಿ ನೋಡಿ.

ಆ ಹಾಳೆಯ ಕಂದು ಗೆರೆಗಳೇ ಈ ಕೆಲಸದ ಜೀವ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು ಅವು. ಹಳೆಯ ಹಾಳೆಗಳಲ್ಲಿ ಎತ್ತರ ಅಡಿಗಳಲ್ಲಿರುತ್ತದೆ. ಲಿಂಗನಮಕ್ಕಿ ತುಂಬುವುದು 1,819 ಅಡಿಗೆ. ಹಾಗಾಗಿ ಅದಕ್ಕೆ ಹತ್ತಿರದ 1,800 ಅಡಿಯ ಗೆರೆ ಹುಡುಕಿ, ಅದರ ಮೇಲೆ ನೀಲಿ ಪೆನ್ಸಿಲ್ ಎಳೆಯುತ್ತಾ ಹೋಗಿ. ಗೆರೆಯಿಂದ ಹೊಳೆಯ ಕಡೆಗಿರುವ ಮನೆ, ಗದ್ದೆ, ಬಂಡಿದಾರಿ ಎಲ್ಲವೂ ನೀರು ತುಂಬಿದಾಗ ಅಡಿಗೆ ಹೋಗುತ್ತವೆ. ಸುತ್ತಲೂ ನೀಲಿ ಬಂದು ನಡುವೆ ಉಳಿಯುವ ಗುಡ್ಡವೇ ಇವತ್ತಿನ ನಡುಗಡ್ಡೆ.

ಇದು ಸರಿಯಾಗಿದೆಯೇ ಅಂತ ಗೂಗಲ್ ಅರ್ಥ್‌ನಲ್ಲಿ ನೋಡಿ. ಕಂಪ್ಯೂಟರ್‌ನಲ್ಲಿ ತೆರೆದರೆ ಹಳೆಯ ವರ್ಷಗಳ ಚಿತ್ರಗಳೂ ಸಿಗುತ್ತವೆ. ಮಳೆ ಕೈಕೊಟ್ಟ ವರ್ಷದ ಬೇಸಿಗೆ ಚಿತ್ರ ಆರಿಸಿ. ನೀರು ಜಾಸ್ತಿ ಇಳಿದಾಗ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಮೇಲೆ ಕಾಣುತ್ತದೆ. ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ್ದು ಅದು.

ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳನ್ನೂ ಇಳಿಸಿಕೊಳ್ಳಿ. ದಾಖಲೆಯಲ್ಲಿ ಊರಿನ ಹೆಸರಿನ ಜೊತೆ ‘ಬೇಚರಾಕ್’ ಅಂತಿದ್ದರೆ, ಅಲ್ಲಿ ಜನವಸತಿ ಇಲ್ಲ ಅಂತ. ಪರ್ಷಿಯನ್‌ನಿಂದ ಬಂದ ಆ ಪದದ ಅರ್ಥ ‘ದೀಪವಿಲ್ಲದ್ದು’. ಓದಿದಾಗ ಮನಸ್ಸು ಚುರುಕ್ ಅನ್ನುತ್ತದೆ.

ಈಗ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಊರು ಬಿಟ್ಟು ಬಂದ ಹಿರಿಯರ ಮುಂದೆ ಹಾಸಿ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಈ ಕೆಲಸವನ್ನು ಮಾತ್ರ ಮುಂದೂಡಬೇಡಿ. “ನಿಮ್ಮನೆ ತೋರಿಸಿ” ಅಂದರೆ ಅವರು ತಡವರಿಸುತ್ತಾರೆ. “ಸಂತೆಗೆ ಯಾವ ದಾರೀಲಿ ಹೋಗ್ತಿದ್ರಿ? ಹೊಳೆ ಎಲ್ಲಿ ದಾಟ್ತಿದ್ರಿ?” ಅಂತ ಕೇಳಿ. ಬೆರಳು ತಾನಾಗಿ ದಾರಿ ಹಿಡಿಯುತ್ತದೆ. ಅವರು ಹೇಳಿದ ಹೆಸರನ್ನು, ಅವರು ಹೇಳಿದ ಹಾಗೇ, ಅಲ್ಲೇ ಬರೆದುಕೊಳ್ಳಿ.